ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್: ಮನೆಯಲ್ಲೇ ಬದಲಾಯಿಸಬಹುದೇ?

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷಾ ಪಾಠ ಮಾಡುವವರಿಗೆ ಮದರ್‌ಬೋರ್ಡಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಆ ಗೊಡವೆ ತಾನಾಗಿಯೇ ನಮ್ಮ ಮನೆಗೆ ಬಂತು. ಪದವಿಯ ಕೊನೆಯ ವರ್ಷದಲ್ಲಿದ್ದ ನನ್ನ ತಂಗಿಯ ಲ್ಯಾಪ್‌ಟಾಪ್ ಒಂದು ರಾತ್ರಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಅವಳ ಪ್ರಾಜೆಕ್ಟ್ ವರದಿ ಅದರೊಳಗಿತ್ತು. ಒಪ್ಪಿಸಲು ಮೂರೇ ವಾರ ಉಳಿದಿತ್ತು. ರಿಪೇರಿ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಎಂದರು. ಅವರು ಹೇಳಿದ ಖರ್ಚು ಹೊಸ ಲ್ಯಾಪ್‌ಟಾಪ್‌ನ ಬೆಲೆಯ ಅರ್ಧದಷ್ಟಿತ್ತು. ಕೊನೆಗೆ ಹಳೆಯ ಬೋರ್ಡೊಂದನ್ನು ತರಿಸಿ, ಅಣ್ಣ ತಂಗಿ ಸೇರಿ ಮನೆಯಲ್ಲೇ ಬದಲಾಯಿಸಿದೆವು. ಆಗ ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ಮಾತು: ಬೋರ್ಡೇ ಕೆಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬೇರೆ ಚಾರ್ಜರ್ ಹಾಕಿ ನೋಡಿ. ಬ್ಯಾಟರಿ ತೆಗೆದು ಚಾರ್ಜರಿನಿಂದಲೇ ಚಾಲೂ ಮಾಡಿ ನೋಡಿ. ರ್‍ಯಾಮ್ ಬಿಚ್ಚಿ ಮತ್ತೆ ಕೂರಿಸಿ ನೋಡಿ. ಎಷ್ಟೋ ಸಲ ಕೆಟ್ಟಿರುವುದು ಇವುಗಳಲ್ಲಿ ಒಂದು. ವಾರಂಟಿ ಇನ್ನೂ ಇದ್ದರೆ ಕೈ ಹಾಕಲೇಬೇಡಿ, ಕಂಪೆನಿಯ ಸೇವಾ ಕೇಂದ್ರಕ್ಕೆ ಒಯ್ಯಿರಿ.

ಎರಡನೆಯದು: ಒಂದೇ ಮಾದರಿಯ ಹೆಸರಿನಲ್ಲಿ ಹಲವು ಬಗೆಯ ಬೋರ್ಡುಗಳಿರುತ್ತವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಆದ್ದರಿಂದ ಹಳೆಯ ಬೋರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಅಕ್ಷರ ಬಿಡದೆ ಹೊಂದಿಸಿಯೇ ಕೊಳ್ಳಿ.

ಇನ್ನು ಕೆಲಸಕ್ಕೆ ಬರೋಣ. ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿದೊಡನೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ. ಬಳಿಕ ಪವರ್ ಗುಂಡಿಯನ್ನು 15 ಸೆಕೆಂಡು ಒತ್ತಿ ಹಿಡಿಯಿರಿ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಬಹುದು. ಕೈಯಲ್ಲಿರುವ ಸ್ಥಾಯಿ ವಿದ್ಯುತ್ತು ಚಿಪ್ಪುಗಳನ್ನು ಕೊಲ್ಲಬಲ್ಲದು, ಆದ್ದರಿಂದ ಭೂಸಂಪರ್ಕವಿರುವ ಲೋಹವನ್ನು ಆಗಾಗ ಮುಟ್ಟಿಕೊಳ್ಳಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕಾಗದದ ಮೇಲೆ ಲ್ಯಾಪ್‌ಟಾಪ್‌ನ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಅಂಟಿಸಿಡಿ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹೋದರೆ ಹೊಸ ಬೋರ್ಡೇ ಹಾಳು. ತೆಳು ಪಟ್ಟಿಯ ಕೇಬಲನ್ನು ಎಳೆಯಬೇಡಿ. ಅದರ ಚಿಲಕವನ್ನು ಉಗುರಿನಿಂದ ಎತ್ತಿದರೆ ತಾನೇ ಸಡಿಲವಾಗುತ್ತದೆ. ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟನ್ನು ಒರೆಸಿ, ಭತ್ತದ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ.

ನಾವು ಇಷ್ಟೆಲ್ಲ ಮಾಡಿ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಮಾತ್ರ ಕತ್ತಲೆ. ತಂಗಿಯ ಮುಖ ನೋಡಲಾಗಲಿಲ್ಲ. ಫೋಟೊಗಳನ್ನು ಒಂದೊಂದಾಗಿ ಹೋಲಿಸಿದಾಗ ಪರದೆಯ ಕೇಬಲ್ ಅರ್ಧ ಮಾತ್ರ ಕೂತಿರುವುದು ಕಂಡಿತು. ಬ್ಯಾಟರಿ ಮತ್ತೆ ಬಿಡಿಸಿ ಅದನ್ನು ಸರಿಪಡಿಸಿದ ಮೇಲೆ ಬೆಳಕು ಬಂತು.

ಆದರೆ ನಿಜವಾದ ಪರೀಕ್ಷೆ ಅನಂತರ ಎದುರಾಯಿತು. ಪರದೆಯ ಮೇಲೆ ಬಿಟ್‌ಲಾಕರ್ 48 ಅಂಕಿಗಳ ಕೀಲಿಯನ್ನು ಕೇಳಿತು. ಡಿಸ್ಕಿನ ಬರಹಕ್ಕೆ ಹಾಕಿದ ಬೀಗವನ್ನು ತೆರೆಯುವ ಟಿಪಿಎಂ ಎಂಬ ವ್ಯವಸ್ಥೆ ಹಳೆಯ ಬೋರ್ಡಿನೊಂದಿಗೇ ಹೋಗಿತ್ತು. ಡಿಸ್ಕ್ ಚೆನ್ನಾಗಿಯೇ ಇತ್ತು, ವರದಿಯೂ ಅದರಲ್ಲಿತ್ತು, ಓದಲು ಮಾತ್ರ ಸಾಧ್ಯವಿರಲಿಲ್ಲ. ಆ ಕೀಲಿ ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿತ್ತು; ಖಾತೆಯ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಎರಡು ದಿನ ಪರದಾಡಿದ ಮೇಲೆ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್. ಸಿಗದೇ ಹೋಗಿದ್ದರೆ ನಮ್ಮ ಕೈಚಳಕವೆಲ್ಲ ವ್ಯರ್ಥವಾಗುತ್ತಿತ್ತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕೇ ಬೋರ್ಡಿಗೆ ಬೆಸುಗೆಯಾಗಿರುತ್ತದೆ. ಅಲ್ಲಿ ಬೋರ್ಡ್ ಬದಲಾಯಿಸಿದರೆ ಬರಹವೂ ಅದರೊಂದಿಗೇ ಹೋಗುತ್ತದೆ. ಅಂಥದ್ದನ್ನು ನುರಿತವರಿಗೇ ಒಪ್ಪಿಸಿ.

ವಿದ್ಯಾರ್ಥಿಗಳೇ, ಅಲ್-ಜಝರಿ ಎಂಬ ಯಂತ್ರಜ್ಞರು 1206ರಲ್ಲಿ ಒಂದು ಗ್ರಂಥ ಪೂರೈಸಿದರು. ನೀರಿನ ಗಡಿಯಾರ, ನೀರೆತ್ತುವ ಯಂತ್ರ ಮೊದಲಾದವುಗಳ ಭಾಗಗಳನ್ನು ಚಿತ್ರ ಬರೆದು, ಇನ್ನೊಬ್ಬರು ಮಾಡಿ ನೋಡಬಹುದಾದಂತೆ ಅದರಲ್ಲಿ ವಿವರಿಸಿದರು. ಅಂಥವರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಚಿತ್ರ ಬರೆದಿಡುವ ಅವರ ಶಿಸ್ತನ್ನು ಕಲಿಯುವುದು ಕಷ್ಟ, ಆದರೆ ಅದೇ ಮೇಲು. ಕೈಕೆಲಸ ಓದಿದವರಿಗೆ ತಕ್ಕದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ, ಅದನ್ನು ಬಿಡೋಣ. ಹಾಗೆಯೇ, ಧೈರ್ಯವೊಂದೇ ಸಾಕು ಎಂಬ ಭ್ರಮೆಯನ್ನೂ ಬಿಡೋಣ. ಇನ್ನೊಬ್ಬರ ಲ್ಯಾಪ್‌ಟಾಪ್ ನಿಮ್ಮ ಕೈಗೆ ಬಂದರೆ ಅದರೊಳಗಿನ ಬರಹ, ಫೋಟೊ ಎಲ್ಲವೂ ಅಮಾನತ್ ಎಂಬುದನ್ನು ಮರೆಯಬೇಡಿ.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಇಂದು ಮನೆಗೆ ಹೋದ ಕೂಡಲೇ ನಿಮ್ಮ ಮುಖ್ಯ ಬರಹಗಳನ್ನು ಇನ್ನೊಂದು ಕಡೆಯೂ ನಕಲು ಮಾಡಿಡಿ. ಬಿಟ್‌ಲಾಕರ್ ಇದ್ದರೆ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಅಂಕಪಟ್ಟಿಗಳ ಜೊತೆ ಜೋಪಾನವಾಗಿಡಿ. ಬೋರ್ಡ್ ಕೆಟ್ಟರೆ ಇನ್ನೊಂದು ತರಬಹುದು, ವರ್ಷದ ಶ್ರಮ ಹೋದರೆ ತರಲಾಗದು.

ಅಲ್ಲಾಹನು ನಮಗೆಲ್ಲರಿಗೂ ಉಪಯುಕ್ತ ಜ್ಞಾನವನ್ನು ಕರುಣಿಸಲಿ, ಆಮೀನ್. ವಸ್ಸಲಾಮ್.