ಲೆಕ್ಕ ಸರಿ, ಕೇಳಿದ್ದು ಸರಿಯಾ?

ಇವತ್ತಿನ ಮಾತು ವುಲ್ಫ್ರಮ್ ಆಲ್ಫಾ ಅನ್ನೋ ವೆಬ್‌ಸೈಟ್ ಬಗ್ಗೆ. ಜಗತ್ತಿಗೆ ಇದೇನೂ ಹೊಸದಲ್ಲ, 2009ರ ಮೇ ತಿಂಗಳಲ್ಲೇ ಬಂದದ್ದು. ಆದರೆ ಮಧುಗಿರಿ ತಾಲ್ಲೂಕಿನ ನಮ್ಮ ಐ.ಡಿ.ಹಳ್ಳಿಯಲ್ಲಿ ಕೂತು ನಾನು ಇದನ್ನ ತೆರೆದದ್ದು ಮೊನ್ನೆ ಮೊನ್ನೆ. ಹಾಗಾಗಿ ಇದು ಹೊಸಬನ ಅನಿಸಿಕೆ.

ಗೂಗಲ್‌ನಲ್ಲಿ ಹುಡುಕಿದರೆ ಬೇರೆಯವರು ಬರೆದ ಪುಟಗಳನ್ನ ತೋರಿಸುತ್ತೆ. ಇದು ಹಾಗಲ್ಲ, ಪ್ರಶ್ನೆ ತಗೊಂಡು ತಾನೇ ಲೆಕ್ಕ ಮಾಡುತ್ತೆ. ಇದರ ಬೆನ್ನಿಗಿರೋದು ಸ್ಟೀಫನ್ ವುಲ್ಫ್ರಮ್ 1988ರಲ್ಲಿ ಹೊರತಂದ ಮ್ಯಾಥಮೆಟಿಕಾ ಅನ್ನೋ ಗಣಿತದ ಸಾಫ್ಟ್‌ವೇರ್. ಪ್ರಶ್ನೆ ಮಾತ್ರ ನಾನು ಇಂಗ್ಲಿಷಿನಲ್ಲಿ ಕೇಳಿದೆ.

ನಮ್ಮದು ಮಳೆ ನಂಬಿದ ಸೀಮೆ. ಅದಕ್ಕೇ ಮೊದಲು ಮಳೆ ಬಗ್ಗೆ ಕೇಳಿದೆ. ಒಂದು ಎಕರೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ನೀರು? ಸುಮಾರು 40,469 ಲೀಟರ್! ಒಂದು ಹದ ಮಳೆಯಲ್ಲಿ ಇಷ್ಟು ನೀರು ಹೊಲಕ್ಕೆ ಬೀಳುತ್ತೆ ಅಂತ ನಾನಂತೂ ಎಂದೂ ಯೋಚಿಸಿರಲಿಲ್ಲ.

ಆಮೇಲೆ ನಮ್ಮ ಜಮೀನು ಎಷ್ಟು ಚದರ ಮೀಟರ್ ಅಂತ ನೋಡೋಣ ಅಂದ್ಕೊಂಡೆ. ಪಹಣಿಯಲ್ಲಿ 2.15 ಅಂತಿತ್ತು, ಹಾಗೇ ಹಾಕಿದೆ. ಉತ್ತರ ಬಂತು. ಆದರೆ ಪಹಣಿಯ 2.15 ಅಂದರೆ ಎರಡು ಎಕರೆ ಹದಿನೈದು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಒಟ್ಟು 95 ಗುಂಟೆ. ಅದು ಮಾತ್ರ 2.15 ಅನ್ನೋದನ್ನ ದಶಮಾಂಶ ಅಂತಲೇ ತಗೊಂಡು 86 ಗುಂಟೆಗೆ ಲೆಕ್ಕ ಹಾಕಿತ್ತು. ಕೂತಲ್ಲೇ ಒಂಬತ್ತು ಗುಂಟೆ ಮಾಯ! ಲೆಕ್ಕದಲ್ಲಿ ತಪ್ಪಿರಲಿಲ್ಲ, ನಾನು ಕೇಳಿದ್ದೇ ತಪ್ಪು.

ಇದನ್ನ ನೋಡ್ತಾ ಪಕ್ಕದಲ್ಲೇ ಕೂತಿದ್ದ ನಮ್ಮ ಚಿಕ್ಕಪ್ಪ, "ಹಂಗಾದ್ರೆ ಮಗ, ನನ್ ಸಾಲದ ಲೆಕ್ಕಾನೂ ಒಂದ್ಸಲ ನೋಡು" ಅಂದ್ರು.

ಬೋರ್‌ವೆಲ್ ಕೊರೆಸೋಕೆ ಅಂತ 50,000 ರೂಪಾಯಿ ಕೈಸಾಲ ಮಾಡಿದ್ದರು. ಮೂರು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ ನೂರಕ್ಕೆ ಮೂರು. ಮೂರು ವರ್ಷ ಒಂದು ಪೈಸೆನೂ ಕಟ್ಟಿರಲಿಲ್ಲ. ತಿಂಗಳಿಗೆ 1,500ರಂತೆ 36 ತಿಂಗಳಿಗೆ 54,000 ಬಡ್ಡಿ, ಅಸಲು ಸೇರಿ 1,04,000 ಅಂತ ಅವರ ಲೆಕ್ಕ. ಸಾಲ ಕೊಟ್ಟವರು ಕೇಳ್ತಿದ್ದದ್ದು 1,25,773!

ತಿಂಗಳು ತಿಂಗಳೂ ಚಕ್ರಬಡ್ಡಿ ಅಂತ ಹಾಕಿ ನೋಡಿದೆ, 1,44,914 ಬಂತು. ಅದೂ ಅಲ್ಲ. "ಚಿಕ್ಕಪ್ಪ, ನಡುವೆ ಎಲ್ಲಾದ್ರೂ ಸಹಿ ಹಾಕಿದ್ರಾ?" ಅಂತ ಕೇಳಿದೆ. "ವರ್ಷಕ್ಕೊಂದ್ಸಲ ಪತ್ರ ಹೊಸದು ಮಾಡ್ಸೋರು, ಹಾಕ್ದೆ" ಅಂದ್ರು. ಅಲ್ಲಿಗೆ ಗೊತ್ತಾಯ್ತು. ಪ್ರತಿ ವರ್ಷ ಬಡ್ಡೀನ ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿದ್ದಾರೆ. 50,000ವನ್ನ ಮೂರು ಸಲ 1.36ರಿಂದ ಗುಣಿಸಿದರೆ ಸರಿಯಾಗಿ 1,25,773. ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಓದ್ದಂಗೆ ಸಹಿ ಹಾಕ್ಬಿಟ್ನಲ್ಲ" ಅಂದ್ರು.

ನೋಡಿ, ಮೂರು ಉತ್ತರಗಳೂ ಗಣಿತದ ಪ್ರಕಾರ ಸರಿಯೇ. ಯಾವುದು ನಮ್ಮದು ಅಂತ ವೆಬ್‌ಸೈಟ್‌ಗೆ ಗೊತ್ತಿರಲಿಲ್ಲ, ಪತ್ರಕ್ಕೆ ಗೊತ್ತಿತ್ತು. ವರ್ಷಕ್ಕೆ ನೂರಕ್ಕೆ 36 ಬಡ್ಡಿ ಹಾಕೋದು ನ್ಯಾಯವಾ ಅಂತಾನೂ ಅದು ಹೇಳಲ್ಲ. ಅತಿಯಾದ ಬಡ್ಡಿ ತಡೆಯೋ ಕಾನೂನು ನಮ್ಮ ರಾಜ್ಯದಲ್ಲಿ 2004ರಿಂದ ಇದೆ. ಅದನ್ನ ನಾವೇ ತಿಳ್ಕೋಬೇಕು, ನಾವೇ ಕೇಳಬೇಕು.

ಬಡ್ಡಿ ಲೆಕ್ಕ ನಮಗೆ ಹೊಸದಲ್ಲ. ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲೂ ಬಡ್ಡಿಯ ಸಮಸ್ಯೆಗಳಿವೆ. ಈಗ ಆ ಲೆಕ್ಕ ಕಣ್ಣು ಮಿಟುಕಿಸೋದರಲ್ಲಿ ಆಗುತ್ತೆ ಅಷ್ಟೆ.

ಈ ವೆಬ್‌ಸೈಟಿನಲ್ಲಿ ನನಗೆ ಹಿಡಿಸಿದ ಒಂದು ವಿಷಯ ಹೇಳಿ ಮುಗಿಸ್ತೀನಿ. ನೀವು ಕೇಳಿದ್ದನ್ನ ತಾನು ಹೇಗೆ ಅರ್ಥ ಮಾಡಿಕೊಂಡೆ ಅನ್ನೋದನ್ನ ಅದು ಉತ್ತರದ ಮೇಲೆ ತೋರಿಸುತ್ತೆ. ನಾನು ಆ ಸಾಲು ಬಿಟ್ಟು ನೇರ ಉತ್ತರಕ್ಕೆ ಹಾರಿದ್ದಕ್ಕೇ ಒಂಬತ್ತು ಗುಂಟೆ ಹೋದದ್ದು. ಅದನ್ನ ಮೊದಲು ಓದಿ. ಸಹಿ ಹಾಕೋ ಮುಂಚೆ ಪತ್ರಾನೂ ಓದಿ.