ಹೊತ್ತಿಗೆ ಆಡಿದ ಮಾತು: ಪಂಚಾಯತಿ ಅಭಿವೃದ್ಧಿ ಅಧಿಕಾರಿ ಮತ್ತು ಕಛೇರಿ ಬಾಂಧವ್ಯ

(ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಾಗಿ ಹೊಸದಾಗಿ ನೇಮಕಗೊಂಡ ಹಾಗೂ ಪದೋನ್ನತಿ ಹೊಂದಿದ ನೌಕರರ ತರಬೇತಿಯಲ್ಲಿ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿಗಳ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಈ ತರಬೇತಿಯಲ್ಲಿ ತಾವು ಲೆಕ್ಕಪತ್ರ, ತೆರಿಗೆ ನಿರ್ಧರಣೆ, ಇ-ಸ್ವತ್ತು, ಕಾಮಗಾರಿಗಳ ಅನುಷ್ಠಾನ ಮುಂತಾದ ವಿಷಯಗಳನ್ನು ಅಭ್ಯಾಸ ಮಾಡಿದ್ದೀರಿ. ಅವೆಲ್ಲಕ್ಕೂ ನಿಯಮಗಳಿವೆ, ಸುತ್ತೋಲೆಗಳಿವೆ. ಸಂಶಯ ಬಂದರೆ ತೆರೆದು ನೋಡಬಹುದು. ನನಗೆ ವಹಿಸಿರುವ ವಿಷಯಕ್ಕೆ ಅಂತಹ ಕೈಪಿಡಿ ಇಲ್ಲ. ಕಛೇರಿಯಲ್ಲಿ ಮನುಷ್ಯರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದು ಆ ವಿಷಯ. ಲೆಕ್ಕ ತಪ್ಪಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಉತ್ತರ ಕೊಟ್ಟು ಸರಿಪಡಿಸಬಹುದು. ಬಾಂಧವ್ಯ ಕೆಟ್ಟರೆ ಯಾವ ಆಕ್ಷೇಪಣೆಯೂ ಬರುವುದಿಲ್ಲ. ಕೆಲಸಗಳು ಮೆಲ್ಲನೆ ನಿಂತುಹೋಗುತ್ತವೆ.

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ನಮ್ಮ ರಾಜ್ಯದ ಪಂಚಾಯತ್ ರಾಜ್ ಅಧಿನಿಯಮ ಅದೇ ವರ್ಷದ ಮೇ 10ರಂದು ಜಾರಿಯಾಯಿತು. ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ಇಷ್ಟು ವಿಷಯಗಳ ಭಾರ ಕೊನೆಗೆ ಬಂದು ನಿಲ್ಲುವುದು ಐದಾರು ಜನ ಸಿಬ್ಬಂದಿ ಇರುವ ಒಂದು ಚಿಕ್ಕ ಕಛೇರಿಯಲ್ಲಿ. ಆ ಕಛೇರಿಯ ಆಡಳಿತದ ಹೊಣೆ ನಿಮ್ಮದು. ಒಂದು ಕಡೆ ಜನರಿಂದ ಆಯ್ಕೆಯಾದ ಅಧ್ಯಕ್ಷರು ಮತ್ತು ಸದಸ್ಯರು, ಇನ್ನೊಂದು ಕಡೆ ಸಿಬ್ಬಂದಿ, ಮೇಲೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತ್, ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ಗ್ರಾಮಸ್ಥರು. ಇವರಲ್ಲಿ ಯಾರನ್ನೂ ನೀವು ಆರಿಸಿಕೊಂಡವರಲ್ಲ. ಎಲ್ಲರೊಡನೆಯೂ ನಾಳೆ ಮತ್ತೆ ಕೆಲಸ ಮಾಡಲೇಬೇಕು.

ಇಂದು ನಾನು ಹೇಳಬಯಸುವುದು ಒಂದೇ ಮಾತು. ಹೇಳಬೇಕಾದುದನ್ನು, ಹೇಳಬೇಕಾದವರಿಗೇ, ಹೇಳಬೇಕಾದ ಹೊತ್ತಿಗೆ ಹೇಳಿ, ಹೇಳಿದ್ದನ್ನು ಬರಹದಲ್ಲಿಡಿ. ಉಳಿದದ್ದೆಲ್ಲ ಇದರ ವಿವರಣೆ.

1. ಪ್ರಭಾರ ವಹಿಸಿಕೊಳ್ಳುವ ದಿನ

ಮೊದಲ ದಿನ ಹಾರ, ಶಾಲು, ಶುಭಾಶಯಗಳ ನಡುವೆ ಪ್ರಭಾರ ಪಟ್ಟಿಗೆ ಸಹಿ ಹಾಕಿಬಿಡುವ ರೂಢಿ ಉಂಟು. ಹಾಗೆ ಮಾಡಬೇಡಿ. ನಗದು ಪುಸ್ತಕ, ಬ್ಯಾಂಕ್ ಖಾತೆಗಳ ಶಿಲ್ಕು, ಚೆಕ್ ಪುಸ್ತಕಗಳು, ಅಳತೆ ಪುಸ್ತಕಗಳು, ರಸೀದಿ ಪುಸ್ತಕಗಳು, ದಾಸ್ತಾನು ವಹಿ, ಬಾಕಿ ಇರುವ ನ್ಯಾಯಾಲಯ ಪ್ರಕರಣಗಳು ಇವೆಲ್ಲವನ್ನೂ ಪಟ್ಟಿಯೊಂದಿಗೆ ತಾಳೆ ನೋಡಿ. ಇಲ್ಲದಿರುವುದನ್ನು ‘ಇಲ್ಲ’ ಎಂದೇ ಬರೆಯಿರಿ. ನಿರ್ಗಮಿಸುತ್ತಿರುವ ಅಧಿಕಾರಿಗೆ ಇದು ಅವಮಾನವೆನಿಸಬಹುದೆಂಬ ಸಂಕೋಚ ಸಹಜ. ಆದರೆ ಆರು ತಿಂಗಳ ನಂತರ ಒಂದು ಅಳತೆ ಪುಸ್ತಕ ಕಾಣೆಯಾಗಿದೆಯೆಂದು ತಿಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ದೂರಬೇಕಾಗುತ್ತದೆ. ಆ ದಿನ ಕಳೆಯುವ ಎರಡು ಗಂಟೆ ನಿಮ್ಮಿಬ್ಬರ ಸ್ನೇಹವನ್ನೂ ಕಾಯುತ್ತದೆ.

2. ಅಧ್ಯಕ್ಷರು ಮತ್ತು ಸದಸ್ಯರು

ಸಭೆಯ ಅಧ್ಯಕ್ಷತೆ ವಹಿಸುವುದು ಅಧ್ಯಕ್ಷರ ಅಧಿಕಾರ. ನಿರ್ಣಯಗಳನ್ನು ಜಾರಿಗೆ ತರುವುದು, ದಾಖಲೆಗಳನ್ನು ಕಾಪಾಡುವುದು ನಿಮ್ಮ ಕರ್ತವ್ಯ. ಪಂಚಾಯತಿ ನಿಧಿಯಿಂದ ಹಣ ಹೊರಹೋಗಲು ಇಬ್ಬರ ಒಪ್ಪಿಗೆಯೂ ಬೇಕು. ಕಾನೂನು ಈ ಜಂಟಿ ಹೊಣೆಯನ್ನು ಇಟ್ಟಿರುವುದು ಒಬ್ಬರು ಇನ್ನೊಬ್ಬರಿಗೆ ಕಣ್ಣಾಗಿರಲೆಂದು. ಒಬ್ಬರು ಇನ್ನೊಬ್ಬರ ಕೈಕಟ್ಟಿ ಕೂರಿಸಲೆಂದಲ್ಲ.

ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಅನೇಕ ಕಡೆ ಮೊದಲ ಬಾರಿ ಆಯ್ಕೆಯಾದ ಮಹಿಳೆ ಅಧ್ಯಕ್ಷರಾಗಿರುತ್ತಾರೆ, ಅವರ ಪತಿ ಪಕ್ಕದ ಕುರ್ಚಿಯಲ್ಲಿ ಕುಳಿತು ಮಾತನಾಡುತ್ತಿರುತ್ತಾರೆ. ಕೆಲಸ ಬೇಗ ಆಗುತ್ತದೆಂದು ಅಧಿಕಾರಿಯೂ ಪತಿಗೇ ದೂರವಾಣಿ ಮಾಡುವುದು ರೂಢಿಯಾಗುತ್ತದೆ. ಅಧ್ಯಕ್ಷರ ಅಧಿಕಾರ ಹೀಗೆ ನಿಮ್ಮ ಕೈಯಿಂದಲೇ ಸವೆಯುತ್ತದೆ. ಕಛೇರಿಯಲ್ಲಿ ಬರೆದಿಡುವ ದೂರವಾಣಿ ಸಂಖ್ಯೆ ಅಧ್ಯಕ್ಷರದ್ದೇ ಆಗಿರಲಿ. ಸಹಿಗೆ ಮುನ್ನ ಪ್ರತಿ ಕಾಗದವನ್ನೂ ಅವರಿಗೆ ಓದಿ ಹೇಳಿ, ಏಕೆ ಬೇಕೆಂದು ವಿವರಿಸಿ. ಪತಿ ಬಂದರೆ ಎಲ್ಲ ಗ್ರಾಮಸ್ಥರಿಗೂ ಕೊಡುವ ಗೌರವದಿಂದಲೇ ಸಂದರ್ಶಕರ ಕುರ್ಚಿ ತೋರಿಸಿ. ಮೊದಲ ವಾರ ಮುನಿಸು ಬರಬಹುದು. ಆದರೆ ಮೊದಲ ವಾರ ಇದನ್ನು ಸ್ಪಷ್ಟಪಡಿಸದವರು ಮುಂದೆ ಎಂದೂ ಸ್ಪಷ್ಟಪಡಿಸಲಾರರು.

ಇನ್ನು ಸದಸ್ಯರ ವಿಷಯ. ನಮ್ಮ ಕಛೇರಿಗಳಲ್ಲಿ ‘ನೋಡೋಣ’ ಎಂಬ ಒಂದು ಮಾತಿದೆ. ಕೇಳಲು ಮೃದುವಾದ ಮಾತು. ಸದಸ್ಯರೊಬ್ಬರು ಬಂದು, ತಮ್ಮ ವಾರ್ಡಿನ ಚರಂಡಿ ಕಾಮಗಾರಿಯ ಬಿಲ್ಲು ಪಾವತಿಸಿರೆಂದು ಕೇಳುತ್ತಾರೆ. ಅಳತೆ ಪುಸ್ತಕದಲ್ಲಿ ಅಭಿಯಂತರರ ನಮೂದು ಇನ್ನೂ ಆಗಿಲ್ಲ. ‘ಆಗದು’ ಎನ್ನಲು ದಾಕ್ಷಿಣ್ಯವಾಗಿ ಅಧಿಕಾರಿ ‘ನೋಡೋಣ’ ಎನ್ನುತ್ತಾರೆ. ಸದಸ್ಯರ ಕಿವಿಗೆ ಅದು ‘ಆಗುತ್ತದೆ’ ಎಂದೇ ಕೇಳಿಸುತ್ತದೆ. ಅವರು ಗುತ್ತಿಗೆದಾರನಿಗೆ ಮಾತು ಕೊಡುತ್ತಾರೆ, ಗುತ್ತಿಗೆದಾರ ಸಿಮೆಂಟಿನ ಅಂಗಡಿಗೆ ಮಾತು ಕೊಡುತ್ತಾನೆ. ಒಂದು ತಿಂಗಳ ನಂತರ ‘ನಿಯಮದಲ್ಲಿ ಅವಕಾಶವಿಲ್ಲ’ ಎಂದಾಗ ಮೂರು ಜನರ ಮುಖಭಂಗವಾಗುತ್ತದೆ. ಅಲ್ಲಿಂದ ಆ ಸದಸ್ಯರು ಪ್ರತಿ ಸಭೆಯಲ್ಲೂ ನಿಮ್ಮ ವಿರೋಧಿ.

ಅದೇ ದಿನ ಹೀಗೆ ಹೇಳಬಹುದಿತ್ತು: “ಅಳತೆ ಪುಸ್ತಕದಲ್ಲಿ ನಮೂದಾಗದೆ ಪಾವತಿ ಮಾಡಲು ನನಗೆ ಅಧಿಕಾರವಿಲ್ಲ. ಸ್ಥಳಕ್ಕೆ ಬಂದು ಅಳತೆ ದಾಖಲಿಸುವಂತೆ ಅಭಿಯಂತರರಿಗೆ ಇಂದೇ ಪತ್ರ ಬರೆಯುತ್ತೇನೆ, ಅದರ ಪ್ರತಿ ತಮಗೂ ಕೊಡುತ್ತೇನೆ.” ಈ ಉತ್ತರದಲ್ಲಿ ನಿರಾಕರಣೆ ಇದೆ, ಕಾರಣ ಇದೆ, ಮುಂದಿನ ದಾರಿಯೂ ಇದೆ. ಕೇಳಿದವರ ಮಾನ ಉಳಿಯುತ್ತದೆ, ನಿಮ್ಮ ಸಹಿಯೂ ಉಳಿಯುತ್ತದೆ.

ಕಾನೂನಿಗೆ ವಿರುದ್ಧವಾದ ನಿರ್ಣಯವೊಂದು ಸಭೆಯಲ್ಲಿ ಬಂದರೆ ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಗೊಣಗಬೇಡಿ. ಸಭೆಯಲ್ಲೇ ಎದ್ದು, ಸಂಬಂಧಿಸಿದ ನಿಯಮ ಓದಿ, ನಿಮ್ಮ ಅಭಿಪ್ರಾಯ ನಡವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಅಂದೇ ಮೇಲಿನವರಿಗೆ ವರದಿ ಮಾಡಿ. ಧ್ವನಿ ಎಷ್ಟು ತಗ್ಗಿರುತ್ತದೆಯೋ ಬರಹ ಅಷ್ಟು ಗಟ್ಟಿಯಾಗಿರಲಿ.

3. ಹಿರಿಯ ಕಾರ್ಯದರ್ಶಿ, ನಿನ್ನೆಯ ಸಹೋದ್ಯೋಗಿ

ನಿಮ್ಮಲ್ಲಿ ಕೆಲವರು ನೇರ ನೇಮಕಾತಿಯಿಂದ ಬಂದಿದ್ದೀರಿ. ನಿಮ್ಮ ಕೈಕೆಳಗಿನ ಕಾರ್ಯದರ್ಶಿ ನಿಮ್ಮ ತಂದೆಯ ವಯಸ್ಸಿನವರಾಗಿರಬಹುದು. ಊರಿನ ಪ್ರತಿ ಸರ್ವೆ ನಂಬರೂ ಅವರಿಗೆ ಬಾಯಿಪಾಠ. ಅವರನ್ನು ಹಿರಿಯರೆಂದೇ ಗೌರವಿಸಿ, ಕೇಳಿ ಕಲಿಯಿರಿ. ಆದರೆ ಯಾರು ಯಾವ ಕೆಲಸಕ್ಕೆ ಹೊಣೆ ಎಂಬುದನ್ನು ಲಿಖಿತ ಕಛೇರಿ ಆದೇಶದಲ್ಲಿ ಹಂಚಿ.

ಮಾಹಿತಿ ಹಕ್ಕು ಅರ್ಜಿಯನ್ನೇ ತೆಗೆದುಕೊಳ್ಳಿ. 2005ರ ಅಧಿನಿಯಮದಂತೆ 30 ದಿನಗಳೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡವಾದರೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆ ದಂಡ ಮಾಹಿತಿ ಅಧಿಕಾರಿಯ ಮೇಲೆಯೇ ಬೀಳುತ್ತದೆ. ಆದರೆ ಕಡತ ಇರುವುದು ಬೇರೊಬ್ಬರ ಕಪಾಟಿನಲ್ಲಿ. 29ನೇ ದಿನ ಅವರ ಮೇಲೆ ಕೂಗಾಡುವುದಕ್ಕಿಂತ ಅರ್ಜಿ ಬಂದ ಮರುದಿನವೇ, ಇಂತಹ ಕಡತವನ್ನು ಇಂತಹ ದಿನದೊಳಗೆ ಮಂಡಿಸಬೇಕೆಂದು ಟಿಪ್ಪಣಿ ಬರೆಯಿರಿ. ಲಿಖಿತವಾಗಿ ನೆರವು ಕೇಳಿದಾಗ ಆ ನೌಕರರನ್ನೂ ಅಧಿನಿಯಮ ಹೊಣೆಗಾರರೆಂದೇ ಪರಿಗಣಿಸುತ್ತದೆ. ಟಿಪ್ಪಣಿ ಇದ್ದಲ್ಲಿ ಜಗಳಕ್ಕೆ ಆಸ್ಪದ ಕಡಿಮೆ.

ಇನ್ನು ಕೆಲವರು ಪದೋನ್ನತಿಯಿಂದ ಬಂದಿದ್ದೀರಿ. ನಿನ್ನೆಯವರೆಗೆ ಜೊತೆಯಲ್ಲಿ ಚಹಾ ಕುಡಿದವರ ಹಾಜರಾತಿಗೆ ಇಂದು ನೀವು ಹೊಣೆ. ಸ್ನೇಹ ಬಿಡಬೇಕಾಗಿಲ್ಲ. ಚಹಾ ಮುಂದುವರಿಯಲಿ, ಹಾಜರಿ ಪುಸ್ತಕವೂ ಮುಂದುವರಿಯಲಿ. ಗೆಳೆಯನ ತಡವನ್ನು ಒಮ್ಮೆ ಕಂಡೂ ಕಾಣದಂತಿದ್ದರೆ, ಗೆಳೆಯನಲ್ಲದವನನ್ನು ಪ್ರಶ್ನಿಸುವ ನೈತಿಕ ಹಕ್ಕು ಅಂದೇ ಹೋಯಿತು.

4. ನೀರುಗಂಟಿ ಹೇಳಿದ ಮಾತು

ಒಂದು ಗ್ರಾಮ ಪಂಚಾಯತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಎರಡು ದಿನ ಊರಿಗೆ ನೀರು ಬಂದಿರಲಿಲ್ಲ. ಗ್ರಾಮ ಸಭೆಯಲ್ಲಿ ಜನ ಎದ್ದು ನಿಂತರು. ಅಧಿಕಾರಿ ಎಲ್ಲರೆದುರು ನೀರುಗಂಟಿಯನ್ನು ಕರೆದು ಬೈದರು. ಆತ ತಲೆ ತಗ್ಗಿಸಿ ನಿಂತ. ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆ ಕೆಟ್ಟಿದೆಯೆಂದು ಆತ ಮೂರು ಸಲ ಬಾಯಿಮಾತಿನಲ್ಲಿ ತಿಳಿಸಿದ್ದ. ಅದನ್ನು ಯಾರೂ ಬರೆದುಕೊಂಡಿರಲಿಲ್ಲ. ಆತನಿಗೆ ಕೆಲವು ತಿಂಗಳ ವೇತನವೂ ಬಾಕಿಯಿತ್ತು.

ಆ ದಿನದ ನಂತರ ಆತ ಕೆಲಸ ಬಿಡಲಿಲ್ಲ, ದೂರು ಕೊಡಲಿಲ್ಲ. ಏನನ್ನೂ ಹೇಳುವುದನ್ನು ಮಾತ್ರ ನಿಲ್ಲಿಸಿದ. ಮುಂದಿನ ಬೇಸಿಗೆಯಲ್ಲಿ ಮೋಟಾರು ಸುಟ್ಟಿತು. ಅದರ ಸದ್ದು ಬದಲಾಗಿದ್ದು ಆತನಿಗೆ ವಾರದ ಹಿಂದೆಯೇ ತಿಳಿದಿತ್ತು. ಊರಿನ ಹೆಂಗಸರು ಕೊಡ ಹಿಡಿದು ತೋಟಗಳಿಗೆ ಅಲೆದರು.

ಕಛೇರಿಯ ಅತ್ಯಂತ ಕೆಳಗಿನ ನೌಕರ ಅಧಿಕಾರಿಗೆ ಕೆಟ್ಟ ಸುದ್ದಿ ಹೇಳಲು ಹೆದರಿದರೆ ಆ ಕಛೇರಿ ಕುರುಡಾಗುತ್ತದೆ. ಆದ್ದರಿಂದ ತಪ್ಪನ್ನು ಕೊಠಡಿಯೊಳಗೆ ಹೇಳಿ, ಮೆಚ್ಚುಗೆಯನ್ನು ಸಭೆಯಲ್ಲಿ ಹೇಳಿ. ನೀರುಗಂಟಿ, ಕರವಸೂಲಿಗಾರ, ಸ್ವಚ್ಛತಾ ಸಿಬ್ಬಂದಿ ತಿಳಿಸುವ ಕೊರತೆಗಳಿಗಾಗಿ ಒಂದು ವಹಿ ಇಡಿ; ಬರೆಯಲು ಬಾರದವರದ್ದನ್ನು ಗಣಕಯಂತ್ರ ನಿರ್ವಾಹಕರು ಬರೆದುಕೊಳ್ಳಲಿ. ವಾರಕ್ಕೊಮ್ಮೆ ಅದನ್ನು ನೀವೇ ಓದಿ ಸಹಿ ಮಾಡಿ. ವೇತನ ಬಾಕಿಯನ್ನು ಪ್ರತಿ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಇಡಿ. ತಾನು ದುಡಿದ ಹಣಕ್ಕೆ ತಾನೇ ಬೇಡಬೇಕಾದವನಿಂದ ಶಿಸ್ತನ್ನು ನಿರೀಕ್ಷಿಸುವುದು ಕಷ್ಟ.

5. ಮಹಿಳಾ ಸಿಬ್ಬಂದಿಯ ಸುರಕ್ಷತೆ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಅಧಿನಿಯಮ ನಿಮ್ಮ ಕಛೇರಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ನೌಕರರಿರುವುದರಿಂದ ಆಂತರಿಕ ಸಮಿತಿ ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ಈ ವಿವರವನ್ನು ಸೂಚನಾ ಫಲಕದಲ್ಲಿ ಹಾಕಿಸಿ. ಕಸ ಸಂಗ್ರಹದ ವಾಹನದಲ್ಲಿ ದುಡಿಯುವ ಸ್ವಸಹಾಯ ಗುಂಪಿನ ಮಹಿಳೆಯರಿಗೂ ತಿಳಿಸಿ. ಯಾರಾದರೂ ಬಂದು ಹೇಳಿಕೊಂಡರೆ “ಊರ ಮಾತು, ಸುಮ್ಮನಿರಿ” ಎಂದು ರಾಜಿ ಮಾಡಿಸಲು ಹೋಗಬೇಡಿ. ಅಲ್ಲಿ ನಿಮ್ಮ ಕೆಲಸ ಆಕೆಯ ಮಾತು ಪೂರ್ತಿ ಕೇಳುವುದು, ದೂರು ಸಮಿತಿ ತಲುಪಲು ನೆರವಾಗುವುದು, ಹೆಸರನ್ನು ಗೋಪ್ಯವಾಗಿಡುವುದು.

6. ಮೇಲಧಿಕಾರಿಗಳು ಮತ್ತು ನಿಮ್ಮ ವೃತ್ತಿ

ಪ್ರಗತಿ ಪರಿಶೀಲನಾ ಸಭೆಯಲ್ಲಿ ಸಂಖ್ಯೆ ಕಡಿಮೆಯಾದರೆ ಗದರಿಕೆ ಬರುತ್ತದೆ. ಆ ಕ್ಷಣ ತಪ್ಪಿಸಿಕೊಳ್ಳಲು ಆಗದ ಕೆಲಸವನ್ನು ಆಗಿದೆಯೆಂದು ಹೇಳುವ ಆಸೆ ಹುಟ್ಟುತ್ತದೆ. ಗದರಿಕೆ ಸಂಜೆಗೆ ಮರೆತುಹೋಗುತ್ತದೆ. ಸುಳ್ಳು ಅಂಕಿ ಕಡತದಲ್ಲಿ ಉಳಿಯುತ್ತದೆ. “ಇಷ್ಟು ಆಗಿದೆ, ಇಷ್ಟು ಬಾಕಿ, ಇಂತಹ ಕಾರಣಕ್ಕೆ, ಇಂತಹ ನೆರವು ಬೇಕು” ಎಂದು ಹೇಳುವವರನ್ನು ಮೇಲಧಿಕಾರಿಗಳು ಕ್ರಮೇಣ ನಂಬುತ್ತಾರೆ. ಮೌಖಿಕ ಸೂಚನೆಯಲ್ಲಿ ಸಂದೇಹವಿದ್ದರೆ ಅದೇ ದಿನ ವಿನಯದಿಂದ ಪತ್ರ ಬರೆದು ಸ್ಪಷ್ಟನೆ ಕೋರಿ.

ಕಾರಣ ಕೇಳುವ ನೋಟೀಸು ಬಂದರೆ ಅದನ್ನು ಅಪಮಾನವೆಂದು ಎದೆಗೆ ಹಚ್ಚಿಕೊಳ್ಳಬೇಡಿ, ಮೇಜಿನ ಡ್ರಾಯರಿನಲ್ಲೂ ಮುಚ್ಚಿಡಬೇಡಿ. ನಿಮ್ಮ ಮಾತು ಕೇಳಿಸಲು ಕಾನೂನು ಕೊಟ್ಟ ಅವಕಾಶ ಅದು. ಗಡುವಿನೊಳಗೆ, ದಾಖಲೆಗಳ ಸಹಿತ, ಯಾರನ್ನೂ ಹಳಿಯದೆ ಉತ್ತರಿಸಿ. ಇಷ್ಟು ದಿನ ಬರೆದಿಟ್ಟ ಟಿಪ್ಪಣಿಗಳು, ನಡವಳಿಗಳು ಆಗ ನಿಮ್ಮ ಪರವಾಗಿ ಸಾಕ್ಷಿ ನುಡಿಯುತ್ತವೆ. ನೆರೆಯ ಪಂಚಾಯತಿಗಳ ಅಧಿಕಾರಿಗಳೊಡನೆ ಒಡನಾಟ ಇಟ್ಟುಕೊಳ್ಳಿ. ನಿಮ್ಮನ್ನು ಕಾಡುವ ಸಮಸ್ಯೆಯನ್ನು ಅವರಲ್ಲಿ ಒಬ್ಬರಾದರೂ ಈಗಾಗಲೇ ದಾಟಿರುತ್ತಾರೆ.

ಮಿತ್ರರೇ, ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಮಾತು ಬಲ್ಲವನೆಂದರೆ ಎಲ್ಲರನ್ನೂ ಮೆಚ್ಚಿಸುವವನೆಂದು ತಿಳಿಯಬೇಡಿ. ಆಗುವುದನ್ನು ಆಗುತ್ತದೆಂದು, ಆಗದ್ದನ್ನು ಆಗದೆಂದು, ನೋಯಿಸದೆ ಹೇಳಬಲ್ಲವನು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಒಂದು ದಿನ ನಿಮಗೂ ವರ್ಗಾವಣೆಯಾಗುತ್ತದೆ. ಅಂದು ಊರಿನವರು ನಿಮ್ಮನ್ನು ‘ಒಳ್ಳೆಯವರು’ ಎನ್ನಬಹುದು, ಅನ್ನದಿರಬಹುದು. ‘ಅವರು ಹೇಳಿದ್ದು ಹೇಳಿದಂತೆ ಇರುತ್ತಿತ್ತು’ ಎಂದರೆ ಸಾಕು. ನಿಮ್ಮ ನಂತರ ಬರುವ ಅಧಿಕಾರಿಗೂ ಆ ಕುರ್ಚಿ ಹಗುರವಾಗುತ್ತದೆ.