ಹಾಡು ಗೋಡೆ ದಾಟುತ್ತೆ, ರಿಮೋಟಿನ ಮಾತು ದಾಟಲ್ಲ

ಮ್ಯೂಸಿಕ್ ಸಿಸ್ಟಂ ಹಾಲಿನಲ್ಲಿದೆ, ಅದರ ಬ್ಲೂಟೂತ್ ಸ್ಪೀಕರ್ ಅಡುಗೆಮನೆಯಲ್ಲಿದೆ ಅಂದುಕೊಳ್ಳಿ. ನಡುವಿನ ಗೋಡೆಯನ್ನು ದಾಟಿ ಹಾಡು ಒಳಗೆ ಬರುತ್ತದೆ. ಅಲ್ಲಿಂದಲೇ ರಿಮೋಟ್ ಒತ್ತಿ ಸೌಂಡ್ ಕಡಿಮೆ ಮಾಡಲು ಹೋದರೆ ಮಾತ್ರ, ಜಪ್ಪಯ್ಯ ಅಂದರೂ ಸಿಸ್ಟಂ ಕೇಳುವುದಿಲ್ಲ. ಹಾಡಿಗೆ ಇರುವ ದಾರಿ ರಿಮೋಟಿಗೆ ಯಾಕಿಲ್ಲ?

ಹಾಗೆ ನೋಡಿದರೆ ಎರಡೂ ಬೆಳಕಿನ ವಂಶದವೇ. ಸ್ಪೀಕರಿಗೆ ಹಾಡು ತರುವುದು ರೇಡಿಯೋ ಅಲೆ. ಅದರ ಒಂದೊಂದು ಅಲೆಯೂ ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದ. ಇಟ್ಟಿಗೆ ಗೋಡೆ ಅದನ್ನು ಸ್ವಲ್ಪ ಕುಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಹೆಚ್ಚಿನ ರಿಮೋಟುಗಳು ಬಳಸುವುದು ಅವಕೆಂಪು ಕಿರಣ. ಅದರ ಅಲೆ ಎಷ್ಟು ಚಿಕ್ಕದೆಂದರೆ ಒಂದು ಮಿಲಿಮೀಟರಿನೊಳಗೆ ಸಾವಿರಕ್ಕೂ ಹೆಚ್ಚು ಹಿಡಿಸುತ್ತವೆ. ಗೋಡೆಗೆ ತಾಗಿದರೆ ಒಂದಷ್ಟು ಅಲ್ಲೇ ಇಂಗುತ್ತದೆ, ಉಳಿದದ್ದು ಪುಟಿದು ವಾಪಸು ಬರುತ್ತದೆ. ಹಾಲಿನ ಬಿಳಿ ಗೋಡೆಗೆ ರಿಮೋಟ್ ತೋರಿಸಿ ಒತ್ತಿದರೂ ಎಷ್ಟೋ ಸಲ ಕೆಲಸ ಆಗುವುದು ಹೀಗೆ ಪುಟಿಯುವುದರಿಂದಲೇ.

ಈ ಕಿರಣ ಇದೆಯೆಂದು 1800ರಲ್ಲಿ ತೋರಿಸಿಕೊಟ್ಟವರು ವಿಲಿಯಂ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದವರೂ ಅವರೇ. ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ, ಬಂದ ಬಣ್ಣಗಳ ಬಿಸಿಯನ್ನು ಥರ್ಮಾಮೀಟರ್ ಇಟ್ಟು ಅಳೆದರು. ಕೆಂಪು ಮುಗಿದ ಮೇಲೆ, ಏನೂ ಕಾಣದ ಕಡೆಯಲ್ಲೂ ಪಾದರಸ ಏರಿತು! ನನಗೆ ತುಂಬ ಇಷ್ಟವಾಗುವ ಸಂಗತಿ ಇನ್ನೊಂದಿದೆ: ಆಕಾಶ ನೋಡುವ ಹುಚ್ಚು ಹಿಡಿಯುವ ಮೊದಲು ಹರ್ಷೆಲ್ ವೃತ್ತಿಯಿಂದ ಸಂಗೀತಗಾರರು.

ಕಾಣದ ಆ ಬೆಳಕನ್ನು ನೀವೂ ನೋಡಬಹುದು. ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ರಿಮೋಟಿನ ಮೂತಿ ಹಿಡಿದು ಬಟನ್ ಒತ್ತಿ. ಅಲ್ಲಿನ ಪುಟ್ಟ ಎಲ್‌ಇಡಿ ನೇರಳೆ ಬಣ್ಣದಲ್ಲಿ ಮಿನುಗುತ್ತದೆ. (ಹಿಂದಿನ ಕ್ಯಾಮೆರಾದಲ್ಲಿ ಈ ಕಿರಣ ತಡೆಯುವ ಫಿಲ್ಟರ್ ಇರುವುದುಂಟು, ಅದಕ್ಕೇ ಸೆಲ್ಫಿ ಕ್ಯಾಮೆರಾ.)

ಆ ಮಿನುಗೇ ರಿಮೋಟಿನ ಮಾತು. ಆದರೆ ಕಿಟಕಿಯ ಬಿಸಿಲಲ್ಲೂ ಅವಕೆಂಪು ಇರುತ್ತದಲ್ಲ, ಸಿಸ್ಟಂ ಮೋಸ ಹೋಗುವುದಿಲ್ಲವೇ? ಹೋಗಬಾರದೆಂದೇ ರಿಮೋಟ್ ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಹೊತ್ತಿಸಿ ಆರಿಸುತ್ತದೆ. ಸಿಸ್ಟಂನ ಕಪ್ಪು ಗಾಜಿನಂಥ ಕಿಂಡಿಯ ಹಿಂದಿರುವ ಪುಟ್ಟ ಕಣ್ಣು ಆ ವೇಗದ ಮಿಣುಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಒಂದೇ ಸಮ ಬೀಳುವ ಬಿಸಿಲನ್ನು ಬಿಟ್ಟುಬಿಡುತ್ತದೆ. ಬಹಳ ಕಡೆ ಬಳಸುವ ಒಂದು ಪದ್ಧತಿಯಲ್ಲಿ, ಇಂಥ ಮಿಣುಕುಗಳ ಒಂದು ಗುಂಪಿಗೂ ಮುಂದಿನ ಗುಂಪಿಗೂ ನಡುವಿನ ಬಿಡುವು ಚಿಕ್ಕದಾದರೆ 0, ದೊಡ್ಡದಾದರೆ 1. ಅದರಲ್ಲಿ ಒಂದು ಬಟನ್ ಒತ್ತಿದರೆ ಇಂಥ 32 ಅಂಕಿ ಹೊರಡುತ್ತವೆ. ಮೊದಲು ಯಾವ ಯಂತ್ರಕ್ಕೆ, ಆಮೇಲೆ ಯಾವ ಆಜ್ಞೆ. ಪ್ರತಿಯೊಂದನ್ನೂ 1 ಇದ್ದಲ್ಲಿ 0, 0 ಇದ್ದಲ್ಲಿ 1 ಮಾಡಿ ಮತ್ತೊಮ್ಮೆ ಕಳಿಸುತ್ತದೆ. ಎರಡೂ ತಾಳೆಯಾದರೆ ಮಾತ್ರ ಸಿಸ್ಟಂ ಒಪ್ಪುತ್ತದೆ. ಇಷ್ಟೂ ಮುಗಿಯುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ.

ಹಾಡಿನ ಕಷ್ಟ ಬೇರೆ. ಬ್ಲೂಟೂತ್ ಓಡಾಡುವ ದಾರಿಯಲ್ಲೇ ವೈಫೈ ಇದೆ, ಮೈಕ್ರೋವೇವ್ ಒಲೆಯ ಗದ್ದಲವೂ ಇದೆ. ಅದಕ್ಕೇ ಹಾಡು ಒಂದೇ ಕಡೆ ನಿಲ್ಲದೆ 79 ಓಣಿಗಳಲ್ಲಿ ಸೆಕೆಂಡಿಗೆ 1,600 ಸಲದವರೆಗೆ ಜಿಗಿಯುತ್ತದೆ, ಗದ್ದಲದ ಓಣಿಗಳನ್ನು ಗುರುತಿಸಿ ಬಿಟ್ಟು ಹೋಗುತ್ತದೆ. ಇಂಥದ್ದೇ ಜಿಗಿತದ ಉಪಾಯಕ್ಕೆ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ನಟಿ ಹೆಡಿ ಲಮಾರ್ ಮತ್ತು ಜಾರ್ಜ್ ಆಂಥೈಲ್. ಟಾರ್ಪಿಡೋಗೆ ಕಳಿಸುವ ರೇಡಿಯೋ ಆಜ್ಞೆಯನ್ನು ಶತ್ರು ಕೆಡಿಸಬಾರದೆಂಬುದು ಅವರ ಉದ್ದೇಶ. ಅವರು ಯೋಚಿಸಿದ್ದು 88 ಓಣಿ, ಪಿಯಾನೋದಲ್ಲಿ ಇರುವಷ್ಟೇ ಮನೆಗಳು. ಆಂಥೈಲ್ ಕೂಡ ಸಂಗೀತ ಸಂಯೋಜಕರೇ!

ಈಗೀಗ ರೇಡಿಯೋ ಬಳಸುವ ರಿಮೋಟುಗಳೂ ಬಂದಿವೆ. ನಿಮ್ಮದು ಯಾವುದೆಂದು ತಿಳಿಯಬೇಕೇ? ರಿಮೋಟಿನ ಮೂತಿಗೆ ಮಾತ್ರ ಅಲ್ಯೂಮಿನಿಯಂ ಫಾಯಿಲನ್ನು ಎರಡು ಸುತ್ತು ಸುತ್ತಿ ಬಟನ್ ಒತ್ತಿ. ಸಿಸ್ಟಂ ಸುಮ್ಮನಿದ್ದರೆ ಅವಕೆಂಪು. ಸೌಂಡ್ ಬದಲಾದರೆ ನಿಮ್ಮದು ರೇಡಿಯೋ ರಿಮೋಟ್, ಅಡುಗೆಮನೆಯಿಂದಲೂ ಒತ್ತಿ ನೋಡಿ.